ಕಾಲಿನ ರಕ್ತನಾಳದಲ್ಲಿ ಹೆಪ್ಪು: ವಾರ್ಡಿನ ಕಂಪ್ಯೂಟರ್ ಅಲರ್ಟ್ ಹೀಗಿರಲಿ

ಮುಳಬಾಗಿಲು ಹೆದ್ದಾರಿಯಲ್ಲಿ ತೊಡೆಮೂಳೆ ಮುರಿದುಕೊಂಡು ಕೋಲಾರದ ಆಸ್ಪತ್ರೆಗೆ ಬಂದವರನ್ನು ಕಂಡರೆ ವೈದ್ಯರಿಗೆ ಹೆಪ್ಪಿನ ನೆನಪು ತಾನಾಗಿ ಬರುತ್ತದೆ. ಮರೆವು ಹೆಚ್ಚು ಮೆಡಿಕಲ್ ವಾರ್ಡಿನಲ್ಲಿ. ನ್ಯುಮೋನಿಯಾದಿಂದ ಹಾಸಿಗೆ ಹಿಡಿದ 72ರ ಅಜ್ಜಿಗಾಗಿಯೇ, ಹೆಪ್ಪು ತಡೆಯುವ ಚಿಕಿತ್ಸೆಯನ್ನು ವೈದ್ಯರಿಗೆ ನೆನಪಿಸುವ ಅಲರ್ಟ್ ಬೇಕು.

ಹೆಪ್ಪಿನ ಅಪಾಯವನ್ನು ಅಂಕದಲ್ಲಿ ಅಳೆಯಲು ಪಡುವಾ ಸ್ಕೋರ್ ಎಂಬ ಪಟ್ಟಿ ಸಾಕು. ಕ್ಯಾನ್ಸರ್, ಹಿಂದೊಮ್ಮೆ ಆಗಿದ್ದ ಹೆಪ್ಪು, ಹೆಪ್ಪುಗಟ್ಟಿಸುವ ರಕ್ತದೋಷ, ಕನಿಷ್ಠ 3 ದಿನ ಶೌಚಕ್ಕಷ್ಟೇ ಏಳುವ ಸ್ಥಿತಿ: ತಲಾ 3. ತಿಂಗಳೊಳಗಿನ ಶಸ್ತ್ರಚಿಕಿತ್ಸೆ ಅಥವಾ ಪೆಟ್ಟು: 2. ವಯಸ್ಸು 70 ಅಥವಾ ಹೆಚ್ಚು, ಹೃದಯ ಅಥವಾ ಶ್ವಾಸಕೋಶ ವೈಫಲ್ಯ, ಹೃದಯಾಘಾತ ಅಥವಾ ಪಾರ್ಶ್ವವಾಯು, ಸೋಂಕು ಅಥವಾ ಸಂಧಿವಾತದ ಕಾಯಿಲೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ಅಥವಾ ಹೆಚ್ಚು, ಹಾರ್ಮೋನ್ ಮಾತ್ರೆ: ತಲಾ 1. ಮೊತ್ತ 4 ಮುಟ್ಟಿದರೆ ಅಲರ್ಟ್. ಅಜ್ಜಿಗೆ 5.

ವಯಸ್ಸು, ರೋಗದ ಹೆಸರು ದಾಖಲೆಯಿಂದ ಬರುತ್ತವೆ. ಓಡಾಟದ ಅಂಕವನ್ನು ನರ್ಸ್ ದಿನವೂ ತುಂಬಬೇಕು. ತೂಕದ ಖಾನೆ ಖಾಲಿಯಿದ್ದರೆ ಅದನ್ನು ಸೊನ್ನೆಯೆಂದು ಎಣಿಸಲು ಬಿಡಬೇಡಿ. ಬಿಎಂಐ ಜೊತೆಗೆ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬ ಅಳತೆ) ಲೆಕ್ಕವೂ ಕೆಡುತ್ತದೆ, ಡೋಸ್ ತಪ್ಪುತ್ತದೆ.

ಮದ್ದು ಸೂಚಿಸುವ ಮೊದಲು ರಕ್ತಸ್ರಾವದ ಅಪಾಯದ ಪರೀಕ್ಷೆ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ, ಎಲ್ಲಾದರೂ ರಕ್ತ ಹೋಗುತ್ತಿದ್ದರೆ ಹೆಪ್ಪು ತಡೆಯುವ ಇಂಜೆಕ್ಷನ್ ಬೇಡ. ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಹಾಕಿ. ಮಳೆಗಾಲದ ಡೆಂಗಿ ಇಲ್ಲಿ ನಿಜವಾದ ಅಪಾಯ: ಬೆಳಿಗ್ಗೆ ಸರಿಯಿದ್ದ ಪ್ಲೇಟ್‌ಲೆಟ್ ಮರುದಿನಕ್ಕೆ ಕುಸಿದಿರಬಹುದು. ಹೊರಗಿನ ಲ್ಯಾಬ್ ಕೊಟ್ಟ ಕಾಗದದ ವರದಿ ಕಂಪ್ಯೂಟರಿಗೆ ಕಾಣುವುದಿಲ್ಲ, ಕೈಯಾರೆ ತುಂಬಲೇಬೇಕು.

ಅಲರ್ಟ್‌ನಲ್ಲೇ ಆರ್ಡರ್ ಸಿದ್ಧವಿರಲಿ: ಹೆಪ್ಪು ತಡೆಯುವ ಎನೋಕ್ಸಪರಿನ್ 40 ಮಿ.ಗ್ರಾಂ, ಚರ್ಮದಡಿ, ದಿನಕ್ಕೊಮ್ಮೆ. ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗಿದ್ದರೆ ಸಾದಾ ಹೆಪರಿನ್ 5,000 ಯೂನಿಟ್, 8 ಅಥವಾ 12 ಗಂಟೆಗೊಮ್ಮೆ. ಬೆನ್ನುಹುರಿ ಬಳಿ ಸೂಜಿ ಹಾಕುವುದಿದ್ದರೆ ಎನೋಕ್ಸಪರಿನ್‌ನ ಈ ಡೋಸ್ ಕೊಟ್ಟು 12 ಗಂಟೆ ಕಳೆದಿರಬೇಕು. ಆಗಲೇ ವಾರ್ಫರಿನ್‌ನಂಥ ಹೆಪ್ಪು ತಡೆಯುವ ಮದ್ದಿನಲ್ಲಿರುವವರಿಗೆ ಅಲರ್ಟ್ ಬರಲೇಬಾರದು.

ಬಾಸ್ಟನ್‌ನ ಬ್ರಿಗ್ಯಾಮ್ ಅಂಡ್ ವಿಮೆನ್ಸ್ ಆಸ್ಪತ್ರೆ 2005ರಲ್ಲಿ ಪ್ರಕಟಿಸಿದ 2,506 ರೋಗಿಗಳ ಅಧ್ಯಯನದಲ್ಲಿ (ಅಲ್ಲಿ ಬಳಸಿದ ಅಂಕಪಟ್ಟಿ ಬೇರೆ) ಅಲರ್ಟ್‌ನಿಂದ 90 ದಿನದೊಳಗಿನ ಹೆಪ್ಪು ಶೇ 8.2ರಿಂದ 4.9ಕ್ಕಿಳಿಯಿತು. ಆದರೆ ಅಲರ್ಟ್ ಬಂದ ಗುಂಪಿನಲ್ಲೂ ತಡೆಚಿಕಿತ್ಸೆ ಸಿಕ್ಕಿದ್ದು ಶೇ 33.5 ಮಂದಿಗಷ್ಟೇ. ಹಾಗಾಗಿ ಬೇಡವೆನ್ನುವ ವೈದ್ಯರು ಕಾರಣ ಆಯ್ದೇ ಮುಂದೆ ಹೋಗುವಂತಿರಲಿ. ಆರ್ಡರ್ ಬರೆಯುವವರಿಗಷ್ಟೇ, ದಾಖಲಾದಾಗ ಮತ್ತು ಅಂಕ ಬದಲಾದಾಗ ಮಾತ್ರ ತೋರಿಸಿ. ಪ್ರತಿ ಲಾಗಿನ್‌ಗೂ ಎದ್ದರೆ ಓದದೇ ಮುಚ್ಚುತ್ತಾರೆ.

ತಿಂಗಳಿಗೊಮ್ಮೆ ಎಣಿಸಬೇಕಾದ್ದು ಎಷ್ಟು ಅಲರ್ಟ್ ಬಂದವು ಎಂಬುದನ್ನಲ್ಲ, ನರ್ಸ್ ಚಾರ್ಟ್‌ನಲ್ಲಿ ಸಹಿ ಬಿದ್ದ ಡೋಸ್‌ಗಳನ್ನು. ಬರೆದದ್ದಕ್ಕೂ ಕೊಟ್ಟದ್ದಕ್ಕೂ ಅಂತರ ಕಂಡರೆ ಮೊದಲು ಔಷಧ ಸ್ಟಾಕ್ ನೋಡಿ.