ಕೆಂಪು ಓತಿಕ್ಯಾತದ ಬಣ್ಣ ಬೇಕಾದರೆ ದೂರ ಕೂರಬೇಕು

ಮೇ, ಜೂನ್ ತಿಂಗಳಲ್ಲಿ ರಾಮನಗರದ ಬಂಡೆಗಳ ಕಡೆ ಹೋದರೆ ಗಂಡು ಓತಿಕ್ಯಾತಗಳು ಎದ್ದು ಕಾಣುತ್ತವೆ. ಬೆನ್ನು ಕೆಂಪು, ಪಕ್ಕೆ ಕಡುಗಪ್ಪು. ಹೆಣ್ಣು ಮಾತ್ರ ಬಂಡೆಯ ಬಣ್ಣದಲ್ಲೇ ಇರುತ್ತದೆ, ಅಲುಗಾಡಿದಾಗಲೇ ಗೊತ್ತಾಗುವುದು. ಹಂಪಿಯ ಬಂಡೆಗಳ ಮೇಲೆ ಕಾಣುವುದೂ ಇದೇ ಜಾತಿ, ವೈಜ್ಞಾನಿಕ ಹೆಸರು ಸ್ಯಾಮೊಫಿಲಸ್ ಡಾರ್ಸಾಲಿಸ್.

ಈ ಬಣ್ಣ ಒಂದೇ ಥರ ನಿಲ್ಲುವುದಿಲ್ಲ. ಹೆಣ್ಣು ಎದುರಿಗಿದ್ದರೆ ಕೆಂಪು ಕಪ್ಪು, ಇನ್ನೊಂದು ಗಂಡು ಜಗಳಕ್ಕೆ ಬಂದರೆ ಬೆನ್ನು ಹಳದಿಯಾಗಿ ಪಕ್ಕೆ ಕಿತ್ತಳೆಯಾಗುತ್ತದೆ, ಅದೂ ಸೆಕೆಂಡುಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಹೆದರಿದರೆ ಬಣ್ಣ ಮಂಕಾಗುತ್ತದೆ. ಫೋಟೋ ತೆಗೆಯುವವರಿಗೆ ಇದೇ ಮುಖ್ಯ. ಸಂದಿಯಿಂದ ಕೋಲು ಹಾಕಿ ಎಬ್ಬಿಸುವುದು, ಹುಡುಗರ ಕೈಲಿ ಹಿಡಿಸುವುದು ಮಾಡಿದರೆ ಸಿಗುವುದು ಗಾಬರಿಬಿದ್ದ ಕಂದು ಪ್ರಾಣಿ ಅಷ್ಟೇ. ಜೊತೆಗೆ ಅದು ಸಂಗಾತಿ ಹುಡುಕುವ ಕಾಲ, ಅದಕ್ಕೆ ತೊಂದರೆ ಕೊಡುವುದು ತಪ್ಪು ಅಲ್ವಾ?

ನಾನು ಮೊದಲು ದೂರ ನಿಂತು ಗಂಡು ಯಾವ ಕಲ್ಲಿಗೆ ಮತ್ತೆ ಮತ್ತೆ ಬರುತ್ತದೆ ಅಂತ ನೋಡುತ್ತೇನೆ. ಅದು ಎತ್ತರದ ತುದಿಯಲ್ಲಿ ಕೂತು ದಂಡ ಹೊಡೆಯುವ ಹಾಗೆ ಮೈ ಎತ್ತಿ ಇಳಿಸುತ್ತಿರುತ್ತದೆ. ಆಮೇಲೆ ನೇರವಾಗಿ ಅದರ ಕಡೆ ನಡೆಯದೆ ಓರೆಯಾಗಿ, ಬಗ್ಗಿಕೊಂಡು, ಅದು ತಲೆ ಎತ್ತಿದ ತಕ್ಷಣ ನಿಂತು, ನನ್ನ ನೆರಳು ಅದರ ಮೇಲೆ ಬೀಳದ ಹಾಗೆ ನೋಡಿಕೊಂಡು ಹೋಗಿ ಕೆಳಗಿನ ಕಲ್ಲಿನ ಮೇಲೆ ಕೂರುತ್ತೇನೆ. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ ಬರಬೇಕು. ಆಗ ಹಿಂದೆ ಕಲ್ಲಿನ ಬದಲು ದೂರದ ಹಸಿರು ಬರುತ್ತದೆ. 100-400 ಎಂಎಂ ಜೂಮ್ ಲೆನ್ಸ್ ಸಾಕು. ಉಳಿದದ್ದು ಸುಮ್ನೆ ಕೂರುವುದು. ಅದು ಮತ್ತೆ ಇರುವೆ ತಿನ್ನಲು ಶುರುಮಾಡಿತು ಅಂದರೆ ನಿಮ್ಮನ್ನು ಒಪ್ಪಿಕೊಂಡಿದೆ ಅಂತ.

ಬೆಳಗ್ಗೆ ತೀರಾ ಬೇಗ ಹೋದರೆ ಮೈ ಇನ್ನೂ ತಣ್ಣಗಿರುತ್ತದೆ, ಬಣ್ಣವೂ ಮಂಕು. ಮಧ್ಯಾಹ್ನ ಕಲ್ಲು ಕಾದು ಸಂದಿಗೆ ಸೇರುತ್ತವೆ. ಬಿಸಿಲು ಏರಿದ ಮೇಲೆ, ಸುಡುವ ಮೊದಲು ಇರುವ ಹೊತ್ತೇ ನನಗೆ ಇಷ್ಟ.

ಕಪ್ಪು ಪಕ್ಕೆ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ, ಕೆಂಪು ಉರಿದು ಹೋಗಿ ಚಿಪ್ಪಿನ ವಿವರವೇ ಉಳಿಯುವುದಿಲ್ಲ. ಅದಕ್ಕೆ ಎಕ್ಸ್‌ಪೋಷರ್ (ಒಳಗೆ ಬೀಳುವ ಬೆಳಕು) 2/3 ಸ್ಟಾಪ್ ಇಳಿಸಿ, ವಿವರ ಪೂರ್ತಿ ಉಳಿಯುವ ರಾ ಫೈಲಿನಲ್ಲೇ ತೆಗೆಯುತ್ತೇನೆ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪನ್ನು ಬೇರೆಯಾಗಿ ನೋಡುತ್ತೇನೆ. ಅಪರ್ಚರ್ ಎಫ್/8, ಶಟರ್ 1/1000 ಸೆಕೆಂಡ್, ಫೋಕಸ್ ಕಣ್ಣಿನ ಮೇಲೆ. ಎರಡು ಗಂಡು ಒಂದೇ ಕಲ್ಲಿಗೆ ಬಂದರೆ ತಕ್ಷಣ ಜೂಮ್ ಹಿಂದಕ್ಕೆ ಎಳೆದು ಫ್ರೇಮ್ ಅಗಲ ಮಾಡಿ, ಬರ್ಸ್ಟ್‌ನಲ್ಲಿ (ಒಂದರ ಹಿಂದೆ ಒಂದು ಫೋಟೋ ತೆಗೆಯುವ ಮೋಡ್) ಶಟರ್ ಬಟನ್ ಒತ್ತಿ ಹಿಡಿಯಿರಿ. ಹಳದಿ ಏರುವುದನ್ನು ಒಂದೊಂದು ಫ್ರೇಮಿನಲ್ಲೂ ನೋಡಬಹುದು.