ಮಾಡಿದ ಕೆಲಸದ ದುಡ್ಡು ಖಾತೆಗೆ ಬರಬೇಕಾ? ಆಶಾ ಅಕ್ಕಂದಿರಿಗೊಂದು ಲೆಕ್ಕದ ಪಾಠ

ಬಾಗೇಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮತ್ತಿಗೆ ಆಶಾ ಕಾರ್ಯಕರ್ತೆ. ಅವರ ಬ್ಯಾಗಿನಲ್ಲಿ ಮಗು ತೂಗುವ ತಕ್ಕಡಿ, ಥರ್ಮಾಮೀಟರ್, ಒಂದಷ್ಟು ಕಬ್ಬಿಣಾಂಶದ ಮಾತ್ರೆ, ಜತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇರುತ್ತವೆ. ಉಳಿದದ್ದೆಲ್ಲ ಸರ್ಕಾರ ಕೊಟ್ಟಿದ್ದು, ನೋಟ್‌ಬುಕ್ ಮಾತ್ರ ಅವರೇ ಕೊಂಡಿದ್ದು. ಒಂದು ವರ್ಷ ಮೂರು ಬಾಣಂತಿಯರ ಮನೆ ಭೇಟಿಯ ದುಡ್ಡು ಬರಲಿಲ್ಲ. ಬಿಸಿಲಲ್ಲಿ ಓಡಾಡಿದ್ದು ನಿಜ, ಆದರೆ ಕೆಲಸ ದಾಖಲಾಗುವ ಸರ್ಕಾರಿ ಪೋರ್ಟಲ್‌ನಲ್ಲಿ ಆ ಭೇಟಿಗಳೇ ಇರಲಿಲ್ಲ. ನೋಟ್‌ಬುಕ್ ಶುರುವಾಗಿದ್ದು ಆಮೇಲೆ.

ಆಶಾಗೆ ಹಣ ಎರಡು ದಾರಿಯಲ್ಲಿ ಬರುತ್ತದೆ. ಒಂದು, ರಾಜ್ಯ ಸರ್ಕಾರದ ಗೌರವಧನ. 2022ರ ಬಜೆಟ್‌ನಲ್ಲಿ ಅದು ₹4,000ದಿಂದ ₹5,000ಕ್ಕೆ ಏರಿತು. ಇನ್ನೊಂದು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಪ್ರೋತ್ಸಾಹಧನ. ಇದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಊರವರು ಎರಡನ್ನೂ ಸೇರಿಸಿ 'ಸಂಬಳ' ಅಂತಾರೆ. ಸರ್ಕಾರದ ಲೆಕ್ಕದಲ್ಲಿ ಎರಡೂ ಸಂಬಳವಲ್ಲ. ಗೌರವಧನ ತಡವಾದರೂ ಬರುತ್ತದೆ. ಕೈತಪ್ಪುವುದು ಎರಡನೆಯದು, ಯಾಕೆಂದರೆ ಅದು ಒಂದೊಂದು ಕೆಲಸಕ್ಕೂ ಬೇರೆ ಬೇರೆ.

ಮೊದಲು, ಒಬ್ಬ ಗರ್ಭಿಣಿಗೆ ಒಂದು ಪುಟ

ಹೆಸರು, ತಾಯಿ ಕಾರ್ಡ್‌ನಲ್ಲಿರುವ ಆರ್‌ಸಿಎಚ್ ನಂಬರ್ (ಪೋರ್ಟಲ್‌ನಲ್ಲಿ ಆ ಗರ್ಭಿಣಿಯ ನೋಂದಣಿ ಸಂಖ್ಯೆ), ಕೊನೆಯ ಮುಟ್ಟಿನ ದಿನ, ಹೆರಿಗೆಯ ಅಂದಾಜು ದಿನ, ರೇಷನ್ ಕಾರ್ಡ್ ಯಾವುದು ಎಂದು ಬರೆಯಿರಿ. ಜನನಿ ಸುರಕ್ಷಾ ಯೋಜನೆಯ ಪ್ರೋತ್ಸಾಹಧನ ನಮ್ಮ ರಾಜ್ಯದಲ್ಲಿ ಸಿಗುವುದು ಬಿಪಿಎಲ್, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ತಾಯಂದಿರ ಹೆರಿಗೆಗೆ ಮಾತ್ರ. ಜಾತಿ ಪ್ರಮಾಣಪತ್ರದ ಜೆರಾಕ್ಸ್ ಈಗಲೇ ಇಸ್ಕೊಳ್ಳಿ. ಹೆರಿಗೆ ಆದಮೇಲೆ ಕೇಳಿದರೆ ಯಾರಿಗೂ ಬಿಡುವಿರುವುದಿಲ್ಲ.

ಇನ್ನೊಂದು ಸಾಲು ಮರೆಯಬೇಡಿ: ತವರು ಎಲ್ಲಿ?

ತವರಿನ ತಂಟೆ

ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿ ಊರುಗಳಲ್ಲಿ ಅನೇಕ ಹೆಣ್ಣುಮಕ್ಕಳ ತವರು ಹಿಂದೂಪುರ, ಕದಿರಿ ಕಡೆ. ಚೊಚ್ಚಲ ಹೆರಿಗೆ ಅಂದರೆ ಏಳನೇ ತಿಂಗಳಿಗೇ ಹೊರಟುಬಿಡುತ್ತಾರೆ. ಆರು ತಿಂಗಳು ಇಂಜೆಕ್ಷನ್, ಮಾತ್ರೆ, ತೂಕ ಎಂದು ನೋಡಿಕೊಂಡವರು ನೀವು, ಹೆರಿಗೆ ಆಗುವುದು ಆಂಧ್ರದಲ್ಲಿ. ಎಷ್ಟೋ ಆಶಾಗಳು 'ಹೋಯ್ತು ಬಿಡು' ಅಂತ ಸುಮ್ನೆ ಆಗುತ್ತಾರೆ. ಅದು ತಪ್ಪು.

ಹಳ್ಳಿಯ ಆಶಾಗೆ ಜನನಿ ಸುರಕ್ಷಾ ಯೋಜನೆಯಲ್ಲಿ ನಿಗದಿಯಾದ ₹600 ಎರಡು ತುಂಡು. ಗರ್ಭಿಣಿ ಆರೈಕೆಗೆ ₹300, ಆಸ್ಪತ್ರೆ ಹೆರಿಗೆಗೆ ₹300. ಹೆರಿಗೆ ಬೇರೆಡೆ ಆದರೂ ಮೊದಲ ತುಂಡು ಆರೈಕೆ ಮಾಡಿದವರದ್ದೇ. ಹೆರಿಗೆಯ ನಂತರ ಬಾಣಂತಿ, ಮಗುವನ್ನು ಮನೆಗೆ ಹೋಗಿ ನೋಡುವ ಭೇಟಿಗಳಿಗೆ ಬೇರೆ ₹250 ಇದೆ. ಆ ಭೇಟಿಗಳ ಮಧ್ಯೆ ಊರು ಬದಲಾದರೆ ಆ ₹250 ಕೂಡ ಇಬ್ಬರು ಆಶಾಗಳಿಗೆ ₹125ರಂತೆ ಹಂಚಿಕೆಯಾಗಬೇಕು.

ಹಾಗಾಗಿ ಅವಳು ಬಸ್ ಹತ್ತುವ ಮೊದಲು ತಾಯಿ ಕಾರ್ಡ್‌ನ ಎಲ್ಲ ಪುಟದ ಫೋಟೊ ತೆಗೆದುಕೊಳ್ಳಿ. 'ಅಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಡಮ್ಮಾ, ಈ ನಂಬರೇ ತೋರಿಸು' ಎಂದು ಹೇಳಿ. ಅವಳ ಅಮ್ಮನ ಫೋನ್ ನಂಬರ್ ಇಟ್ಟುಕೊಳ್ಳಿ. ಅತ್ತೆಮನೆಯವರೇ, ನೀವು ಇದನ್ನು ಓದುತ್ತಿದ್ದರೆ, ಹೆರಿಗೆ ಆದ ದಿನ ಊರಿನ ಆಶಾಗೂ ಒಂದು ಫೋನ್ ಮಾಡಿ. ಸಿಹಿ ಸುದ್ದಿ ಹೇಗೂ ಹಂಚುತ್ತೀರಿ ಅಲ್ವಾ?

ಆರು ದಿನಾಂಕ

ಆಸ್ಪತ್ರೆ ಹೆರಿಗೆಯಾದರೆ ಭೇಟಿ 3, 7, 14, 21, 28, 42ನೇ ದಿನ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರುತ್ತದೆ. ಸಿಸೇರಿಯನ್ ಆಗಿ ತಡವಾಗಿ ಮನೆಗೆ ಬಂದರೆ 7ರಿಂದ ಶುರು. ದಿನಾಂಕಗಳನ್ನು ಹೆರಿಗೆಯ ದಿನವೇ ಪುಟದ ಅಂಚಿನಲ್ಲಿ ಬರೆದುಬಿಡಿ. ನಮ್ಮತ್ತಿಗೆ ಗೋಡೆಯ ಕ್ಯಾಲೆಂಡರಿನಲ್ಲೂ ಕೆಂಪು ಪೆನ್ನಿಂದ ಸುತ್ತುತ್ತಾರೆ. ಮನೆಯಲ್ಲಿ ಯಾರೂ ಆ ದಿನ ಬೇರೆ ಕೆಲಸ ಹೇಳುವಂತಿಲ್ಲ.

ಆ ₹250 ಸಿಗಲು ಭೇಟಿ ಮಾಡಿದ್ದಷ್ಟೇ ಸಾಲದು. ಕಾರ್ಡ್‌ನಲ್ಲಿ ಹುಟ್ಟಿದಾಗಿನ ತೂಕ ಇರಬೇಕು, ಬಿಸಿಜಿ ಮತ್ತು ಪೋಲಿಯೊ ಸೇರಿ ಮೊದಲ ಲಸಿಕೆಗಳು ಆಗಿರಬೇಕು, ಜನನ ನೋಂದಣಿ ಆಗಿರಬೇಕು. ಜಾಸ್ತಿ ಜನ ಎಡವುವುದು ನೋಂದಣಿಯಲ್ಲಿ.

ಕ್ಲೇಮ್ ಫಾರಂ

ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಕೇಳುವ ಈ ಫಾರಂ ಅನ್ನು ಆಶಾಗಳ ತಿಂಗಳ ಸಭೆಗೆ ಎರಡು ದಿನ ಮೊದಲೇ ನೋಟ್‌ಬುಕ್ ನೋಡಿ ತುಂಬಿ. ಸಭೆಯ ಗದ್ದಲದಲ್ಲಿ ತುಂಬಲು ಹೋದರೆ ಎರಡು ಹೆಸರು ಬಿಟ್ಟೇ ಹೋಗುತ್ತವೆ. ಪಿಎಚ್‌ಸಿಓ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಮೊದಲು ಎಎನ್‌ಎಂ ಅಂತಿದ್ದವರು) ಸಹಿ ಆದಮೇಲೆ ಫೋಟೊ ತೆಗೆಯಿರಿ. ಪೋರ್ಟಲ್‌ನಲ್ಲಿ ಎಂಟ್ರಿ ಆಗಿದೆಯಾ ಎಂದು ಅಲ್ಲೇ ತೋರಿಸಲು ಕೇಳಿ. ಇದು ಜಗಳವಲ್ಲ, ಹಕ್ಕು. ಪೋರ್ಟಲ್ ತಪ್ಪಿಗೆ ನಮ್ಮ ದುಡ್ಡು ಯಾಕೆ ಹೋಗಬೇಕು ಎಂಬ ಮಾತು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳು ಧರಣಿ ಕೂತಾಗಲೂ ಎದ್ದಿತ್ತು. ದರಗಳು ಆಗಾಗ ಬದಲಾಗುತ್ತವೆ, ಹೊಸ ಆದೇಶದ ಪ್ರತಿಯನ್ನೂ ಇಸ್ಕೊಳ್ಳಿ.

ಆದರೂ ಬರಲಿಲ್ಲವೇ?

ಮೊದಲು ವೈದ್ಯಾಧಿಕಾರಿ, ಆಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ. ಬಾಯಿಮಾತು ಬೇಡ, ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ ₹10. ಒಂದೇ ವಿಷಯ ಕೇಳಿ, 150 ಪದದೊಳಗೆ ಮುಗಿಸಿ. 30 ದಿನದಲ್ಲಿ ಉತ್ತರ ಬರಬೇಕು. 'ನನಗೆ ಅನ್ಯಾಯವಾಗಿದೆ' ಎಂದು ಬರೆಯಬೇಡಿ. 'ಇಂಥ ತಿಂಗಳಿನ ನನ್ನ ಕ್ಲೇಮ್‌ನಲ್ಲಿ ಯಾವ ಯಾವ ಹೆಸರು ಕೈಬಿಡಲಾಗಿದೆ, ಕಾರಣವೇನು, ಪ್ರತಿ ಕೊಡಿ' ಎಂದಷ್ಟೇ ಬರೆಯಿರಿ. ನೋಟ್‌ಬುಕ್‌ನ ಆ ಪುಟದ ಜೆರಾಕ್ಸ್ ಲಗತ್ತಿಸಿ. ಮೂಲ ಮಾತ್ರ ಯಾರಿಗೂ ಕೊಡಬೇಡಿ.