ಕಬ್ಬಿಣ, ಗ್ರಾಫೈಟ್ ಅರೆದು ನ್ಯಾನೋ ಕಾಂತಪುಡಿ ಮಾಡುವುದು ಹೇಗೆ?

ಕಬ್ಬಿಣಕ್ಕೆ ಇಂಗಾಲ ಸೇರಿಸಲು ಕುಲುಮೆಯೇ ಬೇಕು ಅಂತಿಲ್ಲ. ಎರಡರ ಪುಡಿಯನ್ನೂ ಉಕ್ಕಿನ ಗುಂಡುಗಳ ಜೊತೆ ಡಬ್ಬಿಗೆ ಹಾಕಿ ಗಂಟೆಗಟ್ಟಲೆ ತಿರುಗಿಸಿದರೂ ಮಿಶ್ರಲೋಹ ಸಿಗುತ್ತದೆ. 1960ರ ದಶಕದಲ್ಲಿ ಇಂಕೋ ಕಂಪನಿಯ ಲ್ಯಾಬ್‌ನಲ್ಲಿ ಜಾನ್ ಬೆಂಜಮಿನ್ ನಿಕಲ್ ಮಿಶ್ರಲೋಹಕ್ಕಾಗಿ ಕಂಡುಕೊಂಡ ದಾರಿ ಇದು. ಹೀಗೆ ಡಬ್ಬಿ ತಿರುಗಿಸುವ ಯಂತ್ರ, ಅಂದರೆ ಬಾಲ್ ಮಿಲ್, ಇರುವ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ಒಳ್ಳೆಯ ವಿಷಯ.

ಮೊದಲು ತೂಕ. ಮೂರು ಕಬ್ಬಿಣದ ಪರಮಾಣುವಿಗೆ ಒಂದು ಇಂಗಾಲ, ಅಂದರೆ ಸಿಮೆಂಟೈಟ್ ಎಂಬ ಕಾರ್ಬೈಡ್‌ನ (ಕಬ್ಬಿಣ, ಇಂಗಾಲ ಕೂಡಿದ ಸಂಯುಕ್ತದ) ಲೆಕ್ಕ. 10 ಗ್ರಾಂ ಪುಡಿಗೆ 9.33 ಗ್ರಾಂ ಕಬ್ಬಿಣ, 0.67 ಗ್ರಾಂ ಗ್ರಾಫೈಟ್. ಗುಂಡುಗಳ ತೂಕ ಪುಡಿಯ ಹತ್ತು ಪಟ್ಟು ಇರಲಿ. 10 ಮಿ.ಮೀ. ಉಕ್ಕಿನ ಗುಂಡಾದರೆ ಸುಮಾರು 25 ಸಾಕು. ಗುಂಡುಗಳನ್ನು ಮೊದಲೇ ತೂಗಿ ಬರೆದಿಡಿ, ಕೊನೆಗೆ ಮತ್ತೆ ತೂಗಿ. ಅವು ಸವೆದಷ್ಟು ಕಬ್ಬಿಣ ನಿಮ್ಮ ಪುಡಿಗೇ ಸೇರಿರುತ್ತದೆ.

ಡಬ್ಬಿಯಲ್ಲಿ ಆರ್ಗಾನ್ ಅನಿಲ ತುಂಬಿ ಮುಚ್ಚಿ. ಗಾಳಿ ಇದ್ದರೆ ತುಕ್ಕನ್ನೇ ಅಳೆಯಬೇಕಾದೀತು. ನಿಮಿಷಕ್ಕೆ 300 ಸುತ್ತು, ಅರ್ಧ ಗಂಟೆ ಓಟ, ಅರ್ಧ ಗಂಟೆ ವಿರಾಮ. ಓಟದ 5, 10, 20, 40ನೇ ಗಂಟೆಗೆ ಒಂದೊಂದು ಚಿಟಿಕೆ ತೆಗೆದಿಡಿ. ಆದರೆ ಎಚ್ಚರ: ಹೊಸದಾಗಿ ಅರೆದ ಪುಡಿ ಗಾಳಿ ತಾಗಿದೊಡನೆ ಹೊತ್ತಿಕೊಳ್ಳಬಹುದು. ಡಬ್ಬಿ ಪೂರ್ತಿ ಆರಿದ ಮೇಲೆ, ಹೊರಗಿನಿಂದ ಕೈಗವಸು ತೂರಿಸಿ ಕೆಲಸ ಮಾಡುವ, ಆರ್ಗಾನ್ ಇರುವ ಗ್ಲವ್ ಬಾಕ್ಸ್‌ನಲ್ಲೇ ತೆರೆಯಿರಿ.

ಒಳಗೆ ಆಗುವುದೇನು? ಚಿರೋಟಿ ಮಾಡುವುದನ್ನು ನೋಡಿದ್ದೀರಲ್ವಾ? ಪದರದ ಮೇಲೆ ಪದರ ಇಟ್ಟು, ಸುತ್ತಿ, ಮತ್ತೆ ಲಟ್ಟಿಸುತ್ತಾರೆ. ಇಲ್ಲೂ ಹಾಗೇ. ಗುಂಡುಗಳ ನಡುವೆ ಸಿಕ್ಕ ಕಣ ಚಪ್ಪಟೆಯಾಗುತ್ತದೆ, ಇನ್ನೊಂದಕ್ಕೆ ಅಂಟುತ್ತದೆ, ಮುರಿಯುತ್ತದೆ, ಮತ್ತೆ ಅಂಟುತ್ತದೆ. ಪದರಗಳು ತೆಳುವಾದಂತೆ ಇಂಗಾಲ ಕಬ್ಬಿಣದೊಳಗೆ ನುಗ್ಗುತ್ತದೆ. ಕಣ ಮೈಕ್ರಾನ್ ಗಾತ್ರದಲ್ಲೇ ಉಳಿಯುತ್ತದೆ, ನ್ಯಾನೋ ಆಗುವುದು ಅದರೊಳಗಿನ ಹರಳು. ಬಹಳ ಜನ ಎಡವುವುದು ಇಲ್ಲೇ.

ಹರಳನ್ನು ಅಳೆಯಲು ಎಕ್ಸ್-ರೇ. ಪುಡಿಗೆ ಬಡಿದ ಕಿರಣ ಯಾವ ಕೋನಕ್ಕೆ ಹೆಚ್ಚು ಚದುರುತ್ತದೋ ಅಲ್ಲಿ ನಕ್ಷೆಯಲ್ಲಿ ಶಿಖರ ಏಳುತ್ತದೆ. ತಾಮ್ರದಿಂದ ಹೊಮ್ಮಿಸಿದ ಎಕ್ಸ್-ರೇಯಲ್ಲಿ ಕಬ್ಬಿಣದ ದೊಡ್ಡ ಶಿಖರ 44.7 ಡಿಗ್ರಿಗೆ ಬರುತ್ತದೆ. ಅರೆದಷ್ಟೂ ಅದು ಅಗಲವಾಗುತ್ತದೆ. ಶಿಖರದ ಅಗಲದಿಂದ ಹರಳಿನ ಗಾತ್ರ ಹೇಳುವ ಶೆರರ್ ಸೂತ್ರದಲ್ಲಿ 0.86 ಡಿಗ್ರಿ ಅಗಲವೆಂದರೆ ಸುಮಾರು 10 ನ್ಯಾನೋಮೀಟರ್ ಹರಳು. ಆದರೆ ಪೆಟ್ಟು ತಿಂದ ಹರಳಿನೊಳಗಿನ ಬಿಗಿತವೂ ಶಿಖರವನ್ನು ಅಗಲ ಮಾಡುತ್ತದೆ. ಅದನ್ನು ಬೇರ್ಪಡಿಸದೆ ಬರೆದ ನ್ಯಾನೋಮೀಟರ್ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಆ ಬಿಗಿತವೇ ಕಾಂತಗುಣದಲ್ಲೂ ಆಟ ಕೆಡಿಸುತ್ತದೆ. ಪುಡಿಯನ್ನು ಅಲುಗಾಡದಂತೆ ಮೇಣದಲ್ಲಿ ಕೂರಿಸಿ ವಿಎಸ್‌ಎಂ ಎಂಬ, ಮಾದರಿಯನ್ನು ಕಂಪಿಸಿ ಕಾಂತತ್ವ ಅಳೆಯುವ ಯಂತ್ರಕ್ಕೆ ಕೊಡಿ. ಎರಡು ಸಂಖ್ಯೆ ನೋಡಿ. ಒಂದು, ಗ್ರಾಂಗೆ ಎಷ್ಟು ಕಾಂತತ್ವ. ಶುದ್ಧ ಕಬ್ಬಿಣದ್ದು ಸುಮಾರು 218 ಇಎಂಯು (ಕಾಂತತ್ವದ ಅಳತೆಮಾನ). ಇಂಗಾಲ ಸೇರಿ ಕಾರ್ಬೈಡ್ ಆದಂತೆ ಇದು ಇಳಿಯುತ್ತದೆ. ಇನ್ನೊಂದು ಕೋಯರ್ಸಿವಿಟಿ, ಅಂದರೆ ಏರಿದ ಕಾಂತತ್ವವನ್ನು ಸೊನ್ನೆಗಿಳಿಸಲು ಎಷ್ಟು ಹಟ ಎದುರಿಸಬೇಕು ಅನ್ನುವುದು. ಹರ್ಜರ್ ಎಂಬ ವಿಜ್ಞಾನಿಯ ಲೆಕ್ಕದ ಪ್ರಕಾರ ಕೆಲವು ಹತ್ತು ನ್ಯಾನೋಮೀಟರ್‌ಗಿಂತ ಕೆಳಗೆ ಈ ಹಟ ಹರಳಿನ ಗಾತ್ರದ ಆರನೇ ಘಾತದಂತೆ ಇಳಿಯಬೇಕು. ಗಾತ್ರ ಅರ್ಧವಾದರೆ ಹಟ 64ರಲ್ಲಿ ಒಂದು ಪಾಲು! ಅರೆದ ಪುಡಿಯಲ್ಲಿ ಅಷ್ಟು ಇಳಿಯುವುದಿಲ್ಲ. ಹರಳು ಸಣ್ಣದಾಗಿ ಸಿಕ್ಕ ಲಾಭವನ್ನು ಬಿಗಿತ ತಿಂದುಹಾಕುತ್ತದೆ. ಹಾಗಾಗಿ ಸುಮ್ನೆ ಜಾಸ್ತಿ ಹೊತ್ತು ಅರೆಯಬೇಡಿ. ಆರ್ಗಾನ್‌ನಲ್ಲಿ ಹದವಾಗಿ ಕಾಯಿಸಿದರೆ ಬಿಗಿತ ಸಡಿಲವಾಗುತ್ತದೆ. ಹದ ಮೀರಿದರೆ ಹರಳು ಬೆಳೆದುಬಿಡುತ್ತದೆ.

ಕಾರ್ಬೈಡ್ ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಸುತ್ತಲೇ ಕಾಂತತ್ವ ಅಳೆಯಿರಿ. ಸಿಮೆಂಟೈಟ್ ಸುಮಾರು 210 ಡಿಗ್ರಿ ಸೆಲ್ಸಿಯಸ್‌ಗೆ ಕಾಂತತ್ವ ಬಿಡುತ್ತದೆ, ಕಬ್ಬಿಣ 770ಕ್ಕೆ. 210ರ ಹತ್ತಿರ ಗೆರೆ ಕುಸಿದರೆ ಸಿಮೆಂಟೈಟ್ ಇದೆ ಎಂದೇ ಲೆಕ್ಕ. ಕಾಯಿಸುವಾಗ 210ರಲ್ಲಿ ಕಾಣದ ಬದಲಾವಣೆ ಆರುವಾಗ ಕಂಡರೆ, ಸಿಮೆಂಟೈಟ್ ಹುಟ್ಟಿದ್ದು ಮಿಲ್‌ನಲ್ಲಲ್ಲ, ನೀವು ಕಾಯಿಸಿದಾಗ.